ಮೂವತ್ತೆರಡನೆಯ ಕಾಗದ

ನಮ್ಮೂರ ಗ್ರಂಥಾಲಯ,
ಮಸ್ಕಿ ತಾಲೂಕು.
೯ ನವೆಂಬರ್ ೨೦೨೫

ನಮ್ಮವ್ವ ಅಮರೇಶ್ವರಿ,

ಬಲಗಡೆ ಮೇಲೆ ಊರು, ತಾರೀಖು ಹಾಕಿದ್ದೇನೆ ನೋಡು. ನಿಮಗೆಲ್ಲ ಹಾಗೆ ಕಲಿಸಿದವಳು ನಾನೇ. ಅದರ ಕೆಳಗೆ ಹಿರಿಯರು ಕಿರಿಯರಿಗೆ ಬರೆಯುವಾಗ ‘ಆಶೀರ್ವಾದಗಳು’ ಅಂತ ಬರೆಯಬೇಕು, ಅದನ್ನೂ ಕಲಿಸಿದ್ದೆ. ಅದೊಂದು ಬರೆಯಲು ಮಾತ್ರ ಕೈ ಬರಲಿಲ್ಲ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವಳಾಗಿ ನಾನು ಉಳಿದಿಲ್ಲ.

ಈ ಕಾಗದವನ್ನು ಮೊದಲು ನೀನೊಬ್ಬಳೇ ಓದು. ‘ಯಾರದಕ್ಕ, ಏನು ಬರದಾರ, ಜೋರಾಗಿ ಓದು’ ಅಂತ ಚನ್ನು ಬೆನ್ನು ಹತ್ತುತ್ತಾಳೆ, ಗೊತ್ತು. ಲೈಟ್ ಬಿಲ್ಲು ಬಂದರೂ ಓದಿ ಹೇಳು ಅನ್ನುವ ಹುಡುಗಿ ಅದು. ಇರಲಿ, ಸ್ವಲ್ಪ ತಡೆಯಲಿ. ಅವಳಿಗೆ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಅನ್ನುವುದು ಓದಿದ ಮೇಲೆ ನಿನಗೇ ತಿಳಿಯುತ್ತದೆ. ನಿನಗಿನ್ನೂ ಹದಿನಾಲ್ಕು, ಆದರೂ ಇಂಥ ವಿಷಯದಲ್ಲಿ ನನಗಿಂತ ನಿನಗೇ ಬುದ್ಧಿ ಹೆಚ್ಚು.

ಶ್ರಾವಣದಲ್ಲಿ ನಾನು ಗೊರೇಬಾಳಕ್ಕೆ, ನಿಮ್ಮಜ್ಜಿಯ ಮನೆಗೆ ಬಂದಾಗ ದೊಡ್ಡವರೆಲ್ಲ ನಾಟಿ ಹಚ್ಚಲು ಗದ್ದೆಗೆ ಹೋಗಿದ್ದರು. ನೀನು ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಶಾಲೆಯ ಹೊತ್ತು ಅದು. ಚನ್ನು ನನ್ನ ದನಿ ಕೇಳಿದ್ದೇ ತಡ, ಗೋಡೆ ಹಿಡಿದುಕೊಂಡು ಬಂದಳು. ‘ಅಕ್ಕೋರ, ಪುಸ್ತಕ ತಂದೀರೇನ್ರೀ’ ಅಂದಳು. ತಂದಿದ್ದೆ. ಆನೆಯ ಚಿತ್ರಗಳ ಪುಸ್ತಕ. ಅದನ್ನು ಅವಳ ತೊಡೆಯ ಮೇಲೆ ಇಟ್ಟ ಮೇಲೆ ನಾನೆಂಥ ಬುದ್ಧಿಗೇಡಿ ಅಂತ ಹೊಳೆಯಿತು. ಹತ್ತು ವರ್ಷದ ಕೂಸು ಒಂದೊಂದೇ ಹಾಳೆಯನ್ನು ಬೆರಳಿನಿಂದ ಸವರಿ, ಮೂಗಿಗೆ ಹಿಡಿದು, ‘ಹೊಸಾದು ಐತಿ’ ಅಂದಳು. ಆಮೇಲೆ ನಿನ್ನ ಕಡೆ ತಿರುಗಿ ‘ಅಕ್ಕಾ, ಓದು’ ಅಂದಳು.

ನೀನು ಎದ್ದು ಬಂದೆ. ಅವಳ ತೊಡೆಯಿಂದ ಪುಸ್ತಕ ತೆಗೆದು ನನ್ನ ಚೀಲಕ್ಕೆ ಹಾಕಿದೆ. ಒಳಗೆ ಹೋಗಿ ನಿನ್ನ ಗ್ರಂಥಾಲಯದ ಕಾರ್ಡು ತಂದು ಅದನ್ನೂ ಹಾಕಿದೆ. ‘ಓದಿದ್ರ ಏನಾಗ್ತೈತ್ರೀ ಅಕ್ಕೋರ? ಬರದ್ರ ಏನಾಗ್ತೈತಿ? ನಾ ಬರದಿದ್ನಲ್ಲ’ ಅಂದೆ. ನನ್ನ ಬಾಯಿ ಎಂಥದು ಅಂತ ಇಡೀ ಊರಿಗೆ ಗೊತ್ತು. ಪಂಚಾಯಿತಿಯ ಪಿಡಿಓ ಸಾಹೇಬರೂ ನನ್ನ ಜೊತೆ ವಾದಕ್ಕೆ ಇಳಿಯುವುದಿಲ್ಲ. ಅವತ್ತು ಚೀಲ ಹೆಗಲಿಗೆ ಹಾಕಿಕೊಂಡು ಹಾಗೇ ಎದ್ದು ಬಂದೆ. ಸಿಂಧನೂರಿನಲ್ಲಿ ಬಸ್ಸು ಹತ್ತಿದ ಮೇಲೆ ಕಂಡಕ್ಟರ್ ‘ಎಲ್ಲಿಗಮ್ಮಾ’ ಅಂತ ಎರಡು ಸಲ ಕೇಳಿದ.

ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಮೂರು ತಿಂಗಳು ತಡವಾಯಿತು. ನಿಜ ಹೇಳಬೇಕೆಂದರೆ ಒಂದು ವರ್ಷ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಗಂಡ ತೀರಿಕೊಂಡ ಮೇಲೆ ಲಿಂಗಸುಗೂರಿನ ಮನೆ ಬಿಟ್ಟು ಅಣ್ಣ ಪಂಪಾಪತಿಯ ಮನೆಗೆ ಬಂದವಳು ನಾನು. ಹದಿನಾಲ್ಕು ವರ್ಷವಾಯಿತು. ಪಂಚಾಯಿತಿ ಮೆಂಬರಾಗಿದ್ದ ಅಣ್ಣನೇ ಓಡಾಡಿ ಈ ಗ್ರಂಥಾಲಯದ ಕೆಲಸ ಕೊಡಿಸಿದ. ‘ಮನ್ಯಾಗ ಕುಂತು ಅಳೂಕಿಂತ ಅಲ್ಲಿ ಕುಂತು ಪೇಪರ್ ಓದು’ ಅಂದ. ಪೇಪರ್ ಓದಿಕೊಂಡು ಕೂತಿದ್ದರೆ ಯಾರಿಗೂ ತ್ರಾಸಿರಲಿಲ್ಲ. ನನಗೆ ನಿಮ್ಮನ್ನೆಲ್ಲ ಕೂಡಿಸಿಕೊಂಡು ಓದಿಸುವ ಹುಚ್ಚು ಹತ್ತಿತು. ನೀನು ಬಂದೆ, ನಿನ್ನ ಗೆಳತಿ ಖಾಸಿಂಬೀ ಬಂದಳು, ನಿನ್ನ ಲಂಗ ಹಿಡಿದುಕೊಂಡು ಚನ್ನು ಬಂದಳು. ಚನ್ನುವಿಗೆ ಓದು ಬಂದ ವರ್ಷ ನನ್ನ ಗ್ರಂಥಾಲಯ ಸಂತೆಯಾಗಿತ್ತು. ‘ಸದ್ದು ಮಾಡಬಾರದು’ ಅಂತ ಗೋಡೆಗೆ ಹಾಕಿದ ಬೋರ್ಡನ್ನೇ ಗಟ್ಟಿಯಾಗಿ ಓದಿದವಳು ಅವಳು. ಪೇಪರ್ ಓದಲು ಬರುವ ಮುದುಕರು ಗದರಿದರೆ ಅವರ ಪೇಪರಿಗೇ ಬಗ್ಗಿ, ಅವರು ಓದುತ್ತಿದ್ದ ಸುದ್ದಿಯನ್ನೇ ಅವರಿಗಿಂತ ಮೊದಲು ಓದಿ ಮುಗಿಸುತ್ತಿದ್ದಳು.

ಶನಿವಾರ ಮಧ್ಯಾಹ್ನ ನಿಮಗೆ ಕಾಗದ ಬರೆಯುವುದನ್ನು ಕಲಿಸುತ್ತಿದ್ದೆ. ಶಾಲೆಗೆ ಹೋಗುವುದು ನಿಮ್ಮ ಹಕ್ಕು, ಯಾರೋ ನೀಡುವ ಭಿಕ್ಷೆಯಲ್ಲ ಅಂತ ಹೇಳುತ್ತಿದ್ದೆ. ಹೇಳುವಾಗ ನನ್ನ ದನಿ ಎಷ್ಟು ಮೇಲಿರುತ್ತಿತ್ತು, ನೆನಪಿದೆಯಾ? ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ, ನಿಮಗೆ ಏನು ಕೊರತೆಯಿದ್ದರೂ ಬರೆದು ಪೆಟ್ಟಿಗೆಗೆ ಹಾಕಿ, ಎಲ್ಲರ ಮುಂದೆ ಪೆಟ್ಟಿಗೆ ತೆರೆದು ಓದುತ್ತೇವೆ, ಓದಿದ್ದನ್ನು ಸಭೆಯ ಪುಸ್ತಕದಲ್ಲಿ ಬರೆಯುತ್ತೇವೆ, ಬರೆದ ಮೇಲೆ ಅದನ್ನು ಯಾರೂ ದಾಟುವ ಹಾಗಿಲ್ಲ ಅಂದೆ. ಹೆಸರು ಹಾಕದ ಕಾಗದಕ್ಕೆ ಕಿಮ್ಮತ್ತಿಲ್ಲ, ಅಂಜಬೇಡಿ, ಕೆಳಗೆ ಪೂರ್ತಿ ಹೆಸರು ಬರೆಯಿರಿ ಅಂದೆ. ನೀನು ಬರೆದೆ.

ಈಗ ನಿನಗೆ ಗೊತ್ತಿಲ್ಲದ ಅರ್ಧ.

ಪೆಟ್ಟಿಗೆಯನ್ನು ಎಲ್ಲರ ಮುಂದೆ ತೆರೆಯುತ್ತೇವೆ ಅಂತ ನಾನು ಹೇಳುತ್ತಿದ್ದದ್ದು ಸುಳ್ಳು. ಮೊದಲ ವರ್ಷವೇ ಪಿಡಿಓ ಸಾಹೇಬರು ‘ಮೇಡಂ, ಮುಂಚೆ ಒಂದು ಪಟ್ಟಿ ಮಾಡಿ ಕೊಡ್ರಿ, ಉತ್ತರ ತಯಾರು ಮಾಡ್ಕೊಂಡು ಬರ್ತೀವಿ’ ಅಂದಿದ್ದರು. ಒಳ್ಳೆಯದೇ ಆಯಿತು, ಮಕ್ಕಳಿಗೆ ಅಲ್ಲೇ ಉತ್ತರ ಸಿಗುತ್ತದೆ ಅಂದುಕೊಂಡೆ. ಪ್ರತಿವರ್ಷ ಸಭೆಯ ಹಿಂದಿನ ದಿನ ಸಂಜೆ ಐದಕ್ಕೆ ನೀವೆಲ್ಲ ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಕೀಲಿ ತೆಗೆದು, ಎಲ್ಲ ಕಾಗದ ಓದಿ ಪಟ್ಟಿ ಮಾಡಿ, ಮತ್ತೆ ಮಡಿಚಿ ಒಳಗಿಡುತ್ತಿದ್ದೆ. ಮರುದಿನ ಮೊದಲ ಸಲ ತೆರೆಯುವವಳ ಹಾಗೆ ತೆರೆಯುತ್ತಿದ್ದೆ. ನೀವು ಚಪ್ಪಾಳೆ ತಟ್ಟುತ್ತಿದ್ದಿರಿ.

ಹೋದ ವರ್ಷ ಪೆಟ್ಟಿಗೆಯಲ್ಲಿ ಮೂವತ್ತೆರಡು ಕಾಗದ ಇದ್ದವು. ಶೌಚಾಲಯಕ್ಕೆ ಚಿಲಕ ಇಲ್ಲ, ಬಸ್ಸು ನಿಲ್ಲಿಸುವುದಿಲ್ಲ, ಕ್ರಿಕೆಟ್ ಬ್ಯಾಟು ಬೇಕು, ಮೊಟ್ಟೆ ಸಣ್ಣದು ಕೊಡುತ್ತಾರೆ. ನಗುತ್ತ ಓದುತ್ತಿದ್ದೆ. ಕೊನೆಯದು ನಿನ್ನದು. ಈಗ ಅದು ನನಗೆ ಬಾಯಿಪಾಠ.

‘ಮಕ್ಕಳ ಗ್ರಾಮ ಸಭೆಯ ಅಧ್ಯಕ್ಷರಿಗೆ ಅಮರೇಶ್ವರಿ ದುರುಗಪ್ಪ ಮಾಡುವ ನಮಸ್ಕಾರಗಳು. ನಾನು ಎಂಟನೆಯ ತರಗತಿ. ಎರಡು ತಿಂಗಳಿಂದ ಶಾಲೆಗೆ ಬಂದಿಲ್ಲ. ಪಂಪಾಪತಿ ಧಣಿಯವರ ಬೀಜದ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಮಾಡುತ್ತೇನೆ. ಸಂಜೆ ಮೊಗ್ಗು ಸುಲಿದು ಕೆಂಪು ಚೀಟಿ ಸಿಕ್ಕಿಸಬೇಕು, ಬೆಳಿಗ್ಗೆ ಗಂಡು ಹೂ ತಂದು ಅದಕ್ಕೆ ಉಜ್ಜಬೇಕು. ಈ ವರ್ಷ ನಾನು ಎತ್ತರ ಆಗಿದ್ದೇನೆ. ಬಗ್ಗಿ ಮಾಡುವುದರಿಂದ ತಡ ಆಗುತ್ತದೆ. ನನ್ನ ತಂಗಿ ಚನ್ನಮ್ಮ ಗಿಡದಷ್ಟೇ ಇದ್ದಾಳೆ. ಅದಕ್ಕೆ ಬರುವ ಸೋಮವಾರದಿಂದ ಅವಳನ್ನೂ ಕಳಿಸಲು ಹೇಳಿದ್ದಾರೆ. ಅವಳು ನಾಲ್ಕನೆಯ ತರಗತಿ. ಅವಳಿಗೆ ಈಗ ಓದಲು ಬಂದಿದೆ, ಬಿಡಿಸಿದರೆ ಮರೆತುಹೋಗುತ್ತದೆ. ನನಗೆ ಏನೂ ಬೇಡ. ಚನ್ನುವನ್ನು ಕರೆಯಬಾರದು ಎಂದು ಸಭೆಯ ಪುಸ್ತಕದಲ್ಲಿ ಬರೆಯಿರಿ. ಪುಸ್ತಕದಲ್ಲಿ ಬರೆದರೆ ಯಾರೂ ದಾಟುವ ಹಾಗಿಲ್ಲ ಎಂದು ನಮ್ಮ ಅಕ್ಕೋರು ಹೇಳಿದ್ದಾರೆ.’

ಕೆಳಗೆ ನಿನ್ನ ಪೂರ್ತಿ ಹೆಸರು ಇತ್ತು.

‘ಗೊತ್ತಿರಲಿಲ್ಲ ಅನ್ನಬ್ಯಾಡ್ರೀ’ ಅಂತ ನೀನು ಅಂದರೆ ಒಪ್ಪುತ್ತೇನೆ. ಗೊತ್ತಿತ್ತು. ಮಕ್ಕಳ ಬೆರಳು ಸಣ್ಣ, ಮೊಗ್ಗು ಮುರಿಯುವುದಿಲ್ಲ ಅಂತ ಅಣ್ಣ ಊಟಕ್ಕೆ ಕೂತಾಗ ಎಷ್ಟೋ ಸಲ ಹೇಳಿದ್ದಾನೆ. ನಾನು ರೊಟ್ಟಿ ಬಡಿಸುತ್ತ ಕೇಳಿಸಿಕೊಂಡಿದ್ದೇನೆ. ನೀನು ಶಾಲೆ ಬಿಟ್ಟಾಗ ‘ಎರಡು ತಿಂಗಳ ಮಾತು, ಆಮ್ಯಾಲ ನಾ ಪಾಠ ಹೇಳಿಕೊಡ್ತೀನಿ ಬಿಡು’ ಅಂತ ನಿನ್ನ ತಲೆ ಸವರಿದ್ದೆ. ಆದರೆ ಸಭೆಯಲ್ಲಿ ಅಣ್ಣ ಮೆಂಬರುಗಳ ಕುರ್ಚಿಯಲ್ಲಿ ಕೂತಿರುತ್ತಾನೆ. ಅವನೆದುರಿಗೆ, ಅಧಿಕಾರಿಗಳೆದುರಿಗೆ, ಅವನ ಹೆಸರು ನನ್ನ ಬಾಯಿಂದ ಬರಬೇಕು. ನಾನು ಆ ಕಾಗದವನ್ನು ಪೆಟ್ಟಿಗೆಗೆ ಹಾಕಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡೆ. ಮನೆಗೆ ಹೋಗಿ ಅಣ್ಣನಿಗೆ ನಾನೇ ಬುದ್ಧಿ ಹೇಳುತ್ತೇನೆ, ಸದ್ದಿಲ್ಲದೆ ಕೆಲಸ ಆಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಲಿಲ್ಲ.

ಮರುದಿನ ನೀನು ಸಭೆಗೆ ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದೆ. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿದ್ದೆ. ಮೊಗ್ಗು ಸುಲಿದು ಉಗುರು ಕಪ್ಪಾಗಿದ್ದವು, ಕೈ ಮಡಿಲಲ್ಲಿ ಮುಚ್ಚಿಕೊಂಡಿದ್ದೆ. ಯಾರ ಕಾಗದ ಓದುತ್ತೇವೆಯೋ ಅವರು ಎದ್ದು ನಿಲ್ಲಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು ಅನ್ನುವ ನಿಯಮ ಮಾಡಿದವಳೂ ನಾನೇ ಅಲ್ಲವೇ. ನಾನು ಪೆಟ್ಟಿಗೆಗೆ ಕೈ ಹಾಕಿದಾಗಲೆಲ್ಲ ನೀನು ಲಂಗ ಸರಿಮಾಡಿಕೊಂಡು ಏಳಲು ತಯಾರಾಗುತ್ತಿದ್ದೆ. ಬೇರೆಯವರ ಹೆಸರು ಬಂದರೆ ಚಪ್ಪಾಳೆ ತಟ್ಟಿ ಮತ್ತೆ ಸರಿಯಾಗಿ ಕೂರುತ್ತಿದ್ದೆ. ಹಾಗೆ ಮೂವತ್ತೊಂದು ಸಲ. ನಾನು ನೋಡದವಳ ಹಾಗೆ ಪ್ರತಿಸಲವೂ ನೋಡಿದೆ.

ಸಭೆ ಮುಗಿದು ಎಲ್ಲರೂ ಚುರುಮುರಿ ತಿನ್ನಲು ಹೋದಾಗ ನೀನು ಮೇಜಿನ ಹತ್ತಿರ ಬಂದು ಪೆಟ್ಟಿಗೆಯೊಳಗೆ ಕೈ ಹಾಕಿದೆ. ನಾಲ್ಕೂ ಮೂಲೆ ತಡಕಿದೆ. ‘ಅಕ್ಕೋರ, ಇನ್ನೊಂದು ಇತ್ತೇನ್ರೀ’ ಅಂದೆ. ‘ಎಲ್ಲಾ ಓದಿದ್ವಲ್ಲವ್ವಾ’ ಅಂದೆ ನಾನು. ಆಗ ನಿನ್ನ ಕಾಗದ ನನ್ನ ಸೊಂಟದಲ್ಲಿತ್ತು, ನಿನ್ನ ಕೈಗೆ ಒಂದು ಗೇಣು ದೂರದಲ್ಲಿ. ಸಭೆಯ ಪುಸ್ತಕದಲ್ಲಿ ‘ಬಂದ ಪತ್ರ ೩೧, ಓದಿದ ಪತ್ರ ೩೧’ ಅಂತ ನನ್ನ ಅಕ್ಷರದಲ್ಲೇ ಇದೆ.

ಅಣ್ಣನಿಗೆ ಹೇಗೋ ತಿಳಿಯಿತು. ಮರುದಿನ ಬೆಳಿಗ್ಗೆ ನಿಮ್ಮ ಮನೆಯ ಮುಂದೆ ಬೈಕ್ ನಿಲ್ಲಿಸಿ ನಿಮ್ಮಪ್ಪನಿಗೆ, ‘ಏನೋ ದುರುಗಪ್ಪ, ನಿನ್ನ ಮಗಳು ನಮ್ಮ ಮ್ಯಾಲ ಅರ್ಜಿ ಬರ್ಯಾಕತ್ಯಾಳಂತ’ ಅಂದ. ಓಣಿಯವರ ಮುಂದೆ ಅಂದ. ನಿಮ್ಮಪ್ಪ ಅವನೆದುರಿಗೇ ನಿನ್ನ ಮೇಲೆ ಕೈ ಮಾಡಿದ. ನೀನು ಬರೆಯುವುದನ್ನು ನೋಡಿದವಳು ಪೆನ್ನು ಕೊಟ್ಟ ಖಾಸಿಂಬೀ ಒಬ್ಬಳೇ. ಅವಳೇ ಹೇಳಿದಳು ಅಂತ ನೀನು ನಳದ ಹತ್ತಿರ ಅವಳ ಕೊಡ ಒದ್ದು, ಬಾಯಿಗೆ ಬಂದ ಹಾಗೆ ಬೈದೆಯಂತೆ. ಅದಾದ ಮೇಲೆ ನೀವಿಬ್ಬರೂ ಮಾತಾಡಲಿಲ್ಲ ಅಂತ ಊರಿಗೆಲ್ಲ ಗೊತ್ತು.

ಸೋಮವಾರದಿಂದ ಚನ್ನು ಹೊಲಕ್ಕೆ ಹೋದಳು. ಐದನೆಯ ದಿನ, ಪಕ್ಕದ ಸಾಲಿನಲ್ಲಿ ಹುಳಕ್ಕೆ ಎಣ್ಣೆ ಹೊಡೆಯುತ್ತಿದ್ದವನ ಪಂಪಿನ ಪೈಪು ಕಿತ್ತುಹೋಗಿ, ಔಷಧಿ ನೇರವಾಗಿ ಅವಳ ಮುಖಕ್ಕೆ ಬಡಿಯಿತು. ನೀನು ಎರಡು ಸಾಲು ಆಚೆ ಇದ್ದೆ. ಗಿಡದಷ್ಟೇ ಎತ್ತರ ಇದ್ದಳಲ್ಲ ಅವಳು. ನಿನ್ನಷ್ಟು ಎತ್ತರದವಳಾಗಿದ್ದರೆ ಅದು ಎದೆಗೆ ಬಡಿಯುತ್ತಿತ್ತು.

ಅಣ್ಣ ಮನೆಗೆ ಬಂದು ‘ತೊಳದು ಹರಳೆಣ್ಣಿ ಬಿಟ್ಟೀವಿ, ಏನಾಗೂದಿಲ್ಲ’ ಅಂದ. ದವಾಖಾನೆಗೆ ಒಯ್ಯಿ ಅಂದೆ. ‘ಎಲ್ಲಿ ಆತು, ಹೆಂಗಾತು ಅಂತ ಬರ್ಕೋತಾರ’ ಅಂದ. ಎರಡನೆಯ ಸಲ ನಾನು ಹೇಳಲಿಲ್ಲ. ಮೂರನೆಯ ದಿನ ನಿಮ್ಮವ್ವ ಆದಮ್ಮ ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು. ಅವತ್ತೇ ತಂದಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತು ಅಂದರಂತೆ ಡಾಕ್ಟರು. ಈಗ ಅವಳಿಗೆ ಬೆಳಕು ಬಿಟ್ಟರೆ ಕತ್ತಲೆ, ಅಷ್ಟೇ ತಿಳಿಯುವುದಂತೆ. ಆ ವಾರವೇ ನೀವು ಮನೆಗೆ ಕೀಲಿ ಹಾಕಿ ಗೊರೇಬಾಳಕ್ಕೆ ಹೋದಿರಿ.

ಬರೆದರೆ ಏನಾಗುತ್ತದೆ ಅಂತ ಕೇಳಿದೆಯಲ್ಲ, ಇದೇ ನೋಡು ಉತ್ತರ. ‘ಬರ್ಕೋತಾರ’ ಅನ್ನುವ ಅಂಜಿಕೆಗೆ ಒಂದು ಕೂಸಿನ ಕಣ್ಣು ಹೋಗುವ ತನಕ ಸುಮ್ಮನಿದ್ದ ಜನ ನಾವು. ಒಂದು ಹಾಳೆಗೆ ಹೆದರಿ ನಿನ್ನ ಕಾಗದ ಮುಚ್ಚಿಟ್ಟವಳು ನಾನು. ನೀನು ಬರೆದದ್ದು ಸೋಲಲಿಲ್ಲ, ಅಮರೇಶ್ವರಿ. ಅದು ಯಾರ ಕಿವಿಗೂ ಬೀಳಲೇ ಇಲ್ಲ. ನೀನು ಓದಿನ ಮೇಲೆ ಸಿಟ್ಟು ಮಾಡಿಕೊಂಡಿದ್ದೀಯ. ಆ ಸಿಟ್ಟು ನನ್ನ ಮೇಲೆ ಇರಬೇಕಾದದ್ದು. ನನ್ನ ಮೇಲೆಯೇ ಮಾಡು, ಎಷ್ಟು ವರ್ಷ ಬೇಕಾದರೂ ಮಾಡು. ಪುಸ್ತಕದ ಮೇಲೆ ಬೇಡ. ಚನ್ನು ನಿನ್ನ ಬಾಯಿಯಿಂದ ಓದಬೇಕು, ಅವಳಿಗೆ ಬೇರೆ ದಾರಿ ಉಳಿಸಿಲ್ಲ ನಾವು.

ಅಣ್ಣನ ಮನೆ ಬಿಟ್ಟೆ ಅಂತ ಬರೆದರೆ ನಿನಗೆ ಸಮಾಧಾನ ಆಗಬಹುದು. ಬಿಟ್ಟಿಲ್ಲ. ಈ ವರ್ಷವೂ ಅವನ ಹೊಲದಲ್ಲಿ ಹೂ ಬಿಟ್ಟಿದೆ, ನಾಲ್ಕು ಹುಡುಗಿಯರು ಹೋಗುತ್ತಿದ್ದಾರೆ. ಮಕ್ಕಳಿಗೆ ತೊಂದರೆಯಾದರೆ ೧೦೯೮ಕ್ಕೆ ಫೋನ್ ಮಾಡಿ ಅಂತ ಗ್ರಂಥಾಲಯದ ಗೋಡೆಗೆ ಚೀಟಿ ಹಚ್ಚಿದವಳು ನಾನು, ನಾಲ್ಕು ವರ್ಷವಾಯಿತು. ಮೊನ್ನೆ ಮೊದಲ ಸಲ ಮಾಡಿದೆ. ಆ ಕಡೆಯ ಹುಡುಗಿ ‘ನಿಮ್ಮ ಹೆಸರು ಹೇಳದಿದ್ದರೂ ನಡೆಯುತ್ತೆ’ ಅಂದಳು. ಹೇಳಿದೆ, ಪೂರ್ತಿ ಹೆಸರು ಹೇಳಿದೆ. ಅಣ್ಣನಿಗೆ ಇನ್ನೂ ಗೊತ್ತಿಲ್ಲ. ಟ್ರಂಕು ತುಂಬಿಟ್ಟಿದ್ದೇನೆ, ಗೊತ್ತಾದ ದಿನ ಅವನೇ ಹೊರಗಿಡುತ್ತಾನೆ.

ಈ ತಿಂಗಳು ಇಪ್ಪತ್ತಕ್ಕೆ ಮತ್ತೆ ಮಕ್ಕಳ ಸಭೆ ಇದೆ. ಪೆಟ್ಟಿಗೆಗೆ ಹೊಸ ಕೀಲಿ ಹಾಕಿಸಿದ್ದೇನೆ. ಕೀಲಿಕೈ ನನ್ನ ಹತ್ತಿರ ಇಲ್ಲ. ಯಾರ ಹತ್ತಿರ ಇರಬೇಕು ಅಂತ ಮಕ್ಕಳನ್ನೇ ಕೇಳಿದೆ, ಅವರು ಕೈ ಎತ್ತಿ ಖಾಸಿಂಬೀಗೆ ಕೊಟ್ಟರು. ಪಿಡಿಓ ಸಾಹೇಬರು ಪಟ್ಟಿ ಕೇಳಿದರು. ಮಕ್ಕಳು ಕೇಳುವುದಕ್ಕಿಂತ ಮೊದಲೇ ನಿಮಗೆ ಪ್ರಶ್ನೆ ಯಾಕೆ ಗೊತ್ತಿರಬೇಕು ಅಂದೆ, ಸಿಟ್ಟು ಮಾಡಿಕೊಂಡು ಹೋದರು.

ಆ ದಿನ ನಾನು ಎದ್ದು ನಿಂತು, ಹೋದ ವರ್ಷದ ಪುಸ್ತಕದಲ್ಲಿ ಮೂವತ್ತೊಂದು ಅಂತ ಬರೆದದ್ದು ಸುಳ್ಳು, ಒಂದನ್ನು ನಾನು ಕದ್ದೆ ಅಂತ ಹೇಳುತ್ತೇನೆ. ಅದು ನನ್ನ ಮಾತು, ನಾನು ಹೇಳಬಹುದು. ಕಾಗದದಲ್ಲಿ ಇದ್ದದ್ದನ್ನು ಹೇಳುವ ಅಧಿಕಾರ ನನಗಿಲ್ಲ. ಅದು ನಿನ್ನದು. ಅದನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನೀನು ಬಂದು ಓದಬಹುದು, ಚನ್ನುವಿಗೆ ಮಾತ್ರ ಓದಿ ಹೇಳಬಹುದು, ಒಲೆಗೆ ಹಾಕಬಹುದು. ಮೂಲೆಯಲ್ಲಿ ಸುಣ್ಣದ ಕಲೆಯಿದೆ, ಅದು ನಿನ್ನ ಕೈಯಿಂದಾದದ್ದಲ್ಲ, ನನ್ನ ಸಂಚಿಯದು. ನಿನ್ನ ಕಾರ್ಡನ್ನೂ ಇಟ್ಟಿದ್ದೇನೆ. ಅದನ್ನು ವಾಪಸು ಪಡೆಯುವ ಯೋಗ್ಯತೆ ನನಗಿಲ್ಲ.

ಕ್ಷಮಿಸು ಅಂತ ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಆ ಗೀಟು ಕಾಣುತ್ತದೆ. ಕೇಳಬಾರದ್ದನ್ನು ಕೇಳಿ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸುವುದಿಲ್ಲ.

ಇಂತಿ,
ನಿನ್ನ ಕಾಗದದ ಕಳ್ಳಿ,
ಶೇಖರಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ‘ಅಣ್ಣನಿಗೆ ಹೇಗೋ ತಿಳಿಯಿತು’ ಅಂತ ಮೇಲೆ ಬರೆದದ್ದು ಸುಳ್ಳು. ಸಭೆ ಮುಗಿದ ಸಂಜೆ ಚಹ ಕೊಡುವಾಗ ನಾನೇ ಹೇಳಿದೆ. ಚನ್ನುವನ್ನು ಕರೆಯಬೇಡ ಅನ್ನಲು ಹೋಗಿ ಬಾಯಿ ತಪ್ಪಿತು ಅಂತ ಬರೆಯಲು ಈಗಲೂ ಆಸೆಯಾಗುತ್ತದೆ. ಅದೂ ನಿಜವಲ್ಲ. ‘ನಿನ್ನ ಮ್ಯಾಲ ಬರದ ಕಾಗದ ನಾ ತಗದಿಟ್ಟೀನಿ, ಇಲ್ಲಂದ್ರ ಇವತ್ತ ನಿನ್ನ ಮರ್ಯಾದಿ ಹೋಗ್ತಿತ್ತು’ ಅಂದೆ. ಅವನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು ಅನ್ನಿಸಿತ್ತು, ಅನ್ನಿಸಿಕೊಂಡೆ. ಯಾರು ಬರೆದರು ಅಂತ ಕೇಳಿದ, ನಿನ್ನ ಹೆಸರು ಹೇಳಿದೆ. ಖಾಸಿಂಬೀ ಯಾರಿಗೂ ಏನೂ ಹೇಳಿಲ್ಲ. ಒಂದು ವರ್ಷವಾಯಿತು, ದಿನಾ ಸಂಜೆ ಗ್ರಂಥಾಲಯಕ್ಕೆ ಬಂದು, ಕಿಟಕಿಯ ಪಕ್ಕದ ನಿನ್ನ ಜಾಗ ಬಿಟ್ಟು ಕೂರುತ್ತಾಳೆ. ಯಾರಾದರೂ ಅಲ್ಲಿ ಕೂರಲು ಹೋದರೆ ‘ಅಮರಿ ಬರ್ತಾಳ’ ಅನ್ನುತ್ತಾಳೆ.